ಜಿಲ್ಲೆಯ ಶಾಲೆಗಳಿಗೆ ತಂತ್ರಜ್ಞಾನ: ಖರೀದಿಗೆ ಮುಂಚಿನ ಕೆಲಸ, ಖರೀದಿಯ ನಂತರದ ಕೆಲಸ

ಕೆಲವು ವರ್ಷಗಳ ಹಿಂದೆ ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಗೆ ಭೇಟಿ ಕೊಟ್ಟಾಗ ಗಣಕಯಂತ್ರದ ಕೋಣೆಯನ್ನು ತೆರೆಸಿದೆ. ಧೂಳು ಕೂಡದಿರಲೆಂದು ಹಳೆಯ ಜಮಖಾನೆ ಹೊದಿಸಿದ್ದ ಹತ್ತು ಯಂತ್ರಗಳು ಸಾಲಾಗಿ ಕುಳಿತಿದ್ದವು. ಒಂದನ್ನು ಚಾಲೂ ಮಾಡಿ ತೋರಿಸಿರೆಂದಾಗ ಕೋಣೆಯ ಹೊಣೆ ಹೊತ್ತ ಶಿಕ್ಷಕರು, "ಸರ್, ಕೋಣಿ ಕೀಲಿ ನನ್ನ ಹತ್ರನ ಐತ್ರಿ. ಪಾಸ್‌ವರ್ಡ್ ಮಾತ್ರ ವರ್ಗಾ ಆಗಿ ಹೋದ ಸರ್ ಹತ್ರ ಐತಿ" ಎಂದರು. ದಾಸ್ತಾನು ವಹಿಯಲ್ಲಿ ಹತ್ತೂ ಯಂತ್ರಗಳು ಸುಸ್ಥಿತಿಯಲ್ಲಿವೆ ಎಂದೇ ಬರೆದಿತ್ತು; ಅದು ಸುಳ್ಳೂ ಆಗಿರಲಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಶಾಲೆಗಳಿಗಾಗಿ ಜಿಲ್ಲಾ ಮಟ್ಟದಲ್ಲಿ ತಂತ್ರಜ್ಞಾನದ ಯೋಜನೆ ಮಾಡುವ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರು, ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಮತ್ತು ಮುಖ್ಯೋಪಾಧ್ಯಾಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದ್ದೇನೆ. ಎಷ್ಟು ಯಂತ್ರ ಬೇಕು ಎಂಬ ಪ್ರಶ್ನೆಯಿಂದ ಯೋಜನೆ ಹೊರಟರೆ ಅದು ಖರೀದಿ ಮುಗಿದ ದಿನವೇ ಮುಗಿದುಹೋಗುತ್ತದೆ. ಯಂತ್ರವನ್ನು ಯಾವ ತರಗತಿಯ ಯಾವ ಪಾಠಕ್ಕೆ ಯಾರು ಬಳಸುತ್ತಾರೆ, ಕೆಟ್ಟ ದಿನ ಯಾರು ಬರುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಹೆಸರು ಸಹಿತ ಉತ್ತರ ಬರೆದ ಮೇಲೆಯೇ ಯಂತ್ರದ ಸಂಖ್ಯೆಯನ್ನು ಬರೆಯಬೇಕು.

ಹಂತ 1: ತಂಡ

ಹತ್ತು ಜನಕ್ಕಿಂತ ದೊಡ್ಡ ತಂಡ ಬೇಡ. ಉಪನಿರ್ದೇಶಕರ ಕಚೇರಿಯ ಒಬ್ಬ ವಿಷಯ ಪರಿವೀಕ್ಷಕರು, ಡಯಟ್‌ನ ಒಬ್ಬ ಹಿರಿಯ ಉಪನ್ಯಾಸಕರು, ಇಬ್ಬರು ಬಿಇಒಗಳು, ಇಬ್ಬರು ಸಿಆರ್‌ಪಿಗಳು, ಕೋಣೆಯ ಕೀಲಿ ತಾವೇ ಇಟ್ಟುಕೊಂಡು ಪಾಠ ಮಾಡುವ ಇಬ್ಬರು ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಅಧ್ಯಕ್ಷರು ಇದ್ದರೆ ಸಾಕು. ವಿದ್ಯುತ್ತಿನ ವಿಷಯ ಬಂದ ದಿನ ಹೆಸ್ಕಾಂ ಅಧಿಕಾರಿಯೊಬ್ಬರನ್ನು ಕರೆಯಬಹುದು. ಬೆಳಗಾವಿ ಕಂದಾಯ ಜಿಲ್ಲೆಯೊಳಗೆ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಆದರೆ ಜಿಲ್ಲಾ ಪಂಚಾಯತಿ ಒಂದೇ. ಎರಡೂ ಕಡೆಯವರು ಬೇರೆ ಬೇರೆ ಬೇಡಿಕೆ ಪಟ್ಟಿ ಹಿಡಿದು ಒಂದೇ ಬಾಗಿಲು ಬಡಿಯುವುದಕ್ಕಿಂತ ಮೊದಲೇ ಕೂಡಿ ಕುಳಿತು ಒಂದು ಪಟ್ಟಿ ಮಾಡುವುದು ಒಳ್ಳೆಯದು. ಬಾಗಲಕೋಟೆಯಲ್ಲಿ ಡಯಟ್ ಇರುವುದು ಇಳಕಲ್‌ನಲ್ಲಿ. ಜಮಖಂಡಿ, ರಬಕವಿ-ಬನಹಟ್ಟಿ ಕಡೆಯವರಿಗೆ ಅದು ಜಿಲ್ಲೆಯ ಇನ್ನೊಂದು ತುದಿ. ತರಬೇತಿಯ ಸ್ಥಳವನ್ನು ನಿರ್ಧರಿಸುವಾಗ ಇಂಥ ಭೂಗೋಳವನ್ನು ಮರೆಯಬಾರದು.

ಹಂತ 2: ಹೋಗಿ ನೋಡುವ ಸಮೀಕ್ಷೆ

ಶಾಲೆಗಳ ಅಂಕಿಅಂಶ ಸಂಗ್ರಹವಾದ ಯುಡೈಸ್ ಪ್ಲಸ್ ಮಾಹಿತಿಯಿಂದ ಯಾವ ಶಾಲೆಯಲ್ಲಿ ಎಷ್ಟು ಯಂತ್ರಗಳಿವೆ ಎಂಬುದು ಕುಳಿತಲ್ಲೇ ಸಿಗುತ್ತದೆ, ಅದರಿಂದ ಆರಂಭಿಸಿ. ಆದರೆ ಸ್ವಿಚ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಆ ಕೋಷ್ಟಕ ಹೇಳುವುದಿಲ್ಲ. ಅದಕ್ಕಾಗಿ ಪ್ರತಿ ಕ್ಲಸ್ಟರಿನಿಂದ ಎರಡು ಶಾಲೆಗಳನ್ನಾದರೂ ಆರಿಸಿ, ಶಾಲಾ ವೇಳೆಯಲ್ಲೇ ಹೋಗಿ, ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಚಾಲೂ ಮಾಡಿಸಿ, ಆಗ ವೋಲ್ಟೇಜ್ ಎಷ್ಟಿದೆ ಎಂದು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಬೆಳಿಗ್ಗೆ ಹತ್ತೂವರೆಗೆ ಸರಿಯಿದ್ದ ವೋಲ್ಟೇಜ್ ಮಧ್ಯಾಹ್ನ ಹಾಗೇ ಇರುವುದಿಲ್ಲವಾದ್ದರಿಂದ ಎರಡು ಹೊತ್ತಿನಲ್ಲಿ ಅಳೆದರೆ ಉತ್ತಮ. ಕಳೆದ ತಿಂಗಳಲ್ಲಿ ಈ ಕೋಣೆಯಲ್ಲಿ ಎಷ್ಟು ಅವಧಿಗಳು ನಡೆದವು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ ಮೇಲೆ ಅದೇ ಪ್ರಶ್ನೆಯನ್ನು ಎಂಟನೆಯ ತರಗತಿಯ ಮಕ್ಕಳಿಗೂ ಕೇಳಿ. ಎರಡು ಉತ್ತರಗಳ ನಡುವಿನ ಅಂತರವೇ ಸಮೀಕ್ಷೆಯ ನಿಜವಾದ ಫಲಿತಾಂಶ.

ಹಳೆಯ ಯಂತ್ರಗಳನ್ನೂ ಎಣಿಸಬೇಕು. ರಾಜ್ಯದಲ್ಲಿ ಗಣಕಯಂತ್ರ ಶಿಕ್ಷಣದ ಮಾಹಿತಿ ಸಿಂಧು ಯೋಜನೆ ಆರಂಭವಾದದ್ದು 2001ರಲ್ಲಿ; ಆಮೇಲೆ ಐಸಿಟಿ ಯೋಜನೆಯ ಹಂತಗಳು, ತಂತ್ರಜ್ಞಾನ ಆಧಾರಿತ ಕಲಿಕೆಯ ಟಾಲ್ಪ್, ದಾನಿಗಳ ಕೊಡುಗೆಗಳು ಒಂದರ ಮೇಲೊಂದು ಬಂದಿವೆ. ಒಂದೇ ಕೋಣೆಯಲ್ಲಿ ಮೂರು ತಲೆಮಾರಿನ ಯಂತ್ರಗಳು ಇರುವುದು ಅಪರೂಪವಲ್ಲ. ಅವುಗಳಲ್ಲಿ ಯಾವುದು ದುರಸ್ತಿಗೆ, ಯಾವುದು ಬಿಡಿಭಾಗಕ್ಕೆ, ಯಾವುದು ವಿಲೇವಾರಿಗೆ ಎಂದು ಸಮೀಕ್ಷೆಯ ಹೊತ್ತಿಗೇ ಗುರುತು ಹಾಕಿ.

ಸಮೀಕ್ಷೆ ಮುಗಿದ ಮೇಲೆ ಶಾಲೆಗಳನ್ನು ತಾಲ್ಲೂಕುವಾರು ಪಟ್ಟಿ ಮಾಡುವ ಬದಲು ಪರಿಸ್ಥಿತಿಯ ಪ್ರಕಾರ ಗುಂಪು ಮಾಡಬೇಕು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಮಳೆಗಾಲದ ತೇವ ಮತ್ತು ಸಿಗದ ನೆಟ್‌ವರ್ಕ್ ಸಮಸ್ಯೆಯಾದರೆ, ಇಂಡಿ, ಸಿಂದಗಿ ಕಡೆ ಬಿಸಿಲು ಮತ್ತು ಎರೆಮಣ್ಣಿನ ಧೂಳು ಸಮಸ್ಯೆ. ಅಥಣಿ, ರಾಯಬಾಗದ ತೋಟದ ವಸತಿಗಳ ಶಾಲೆಗಳಲ್ಲಿ ಹೆಚ್ಚಾಗಿ ಇಬ್ಬರೇ ಶಿಕ್ಷಕರಿರುತ್ತಾರೆ. ಅಲ್ಲಿಗೆ ಹತ್ತು ಗಣಕಯಂತ್ರ ಬೇಕಿಲ್ಲ, ಒಂದು ಟಿವಿ, ಒಂದು ಲ್ಯಾಪ್‌ಟಾಪ್, ಒಂದು ಸ್ಪೀಕರ್ ಸಾಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಶಾಲೆಗಳವರು 2019ರ ಆಗಸ್ಟ್ ಪ್ರವಾಹವನ್ನು ನೆನಪಿಟ್ಟುಕೊಂಡು, ಅರ್ಧ ಗಂಟೆಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಾಧನಗಳನ್ನೇ ಕೇಳಬೇಕು.

ಹಂತ 3: ಯಾವ ಪಾಠಕ್ಕೆ

ಮೊದಲ ವರ್ಷಕ್ಕೆ ಇಡೀ ಜಿಲ್ಲೆಗೆ ನಾಲ್ಕೇ ಉಪಯೋಗಗಳನ್ನು ಆರಿಸಿಕೊಳ್ಳಿ. ಪ್ರೌಢಶಾಲೆಯ ಗಣಿತಕ್ಕೆ ಜಿಯೋಜಿಬ್ರಾ ತಂತ್ರಾಂಶ, ವಿಜ್ಞಾನಕ್ಕೆ ಪರದೆಯ ಮೇಲೆಯೇ ಮಾಡಿ ನೋಡುವ ಫೆಟ್ ಪ್ರಯೋಗಗಳು, ಒಂದರಿಂದ ಮೂರನೆಯವರೆಗಿನ ನಲಿ-ಕಲಿ ತರಗತಿಗಳಿಗೆ ಕೇಳಿ ಓದುವ ಕಥೆಗಳು, ಶಿಕ್ಷಕರ ಪಾಠ ಸಿದ್ಧತೆಗೆ ಸರ್ಕಾರದ ಪಾಠಸಾಮಗ್ರಿಯ ತಾಣ ದೀಕ್ಷಾ ಎಂದು ನಿಗದಿಪಡಿಸಿದರೆ ತರಬೇತಿಯೂ ಸರಳವಾಗುತ್ತದೆ, ನೆರವೂ ಸರಳವಾಗುತ್ತದೆ. ಇಪ್ಪತ್ತು ಆ್ಯಪ್‌ಗಳ ಪಟ್ಟಿ ಕೊಟ್ಟ ಕಡೆ ಒಂದೂ ಬಳಕೆಯಾಗುವುದಿಲ್ಲ ಎಂಬುದು ನನ್ನ ಅನುಭವ.

ಊರಿನಲ್ಲೇ ಇರುವ ವಸ್ತುವಿನಿಂದ ಪಾಠ ಹೊರಡುವಂತಿದ್ದರೆ ಯಂತ್ರಕ್ಕೆ ಅರ್ಥ ಬರುತ್ತದೆ. ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳಿಸುತ್ತದೆ ಎನ್ನುವವರಿದ್ದಾರೆ, ಹತ್ತು ಸಲ ಎನ್ನುವವರೂ ಇದ್ದಾರೆ. ಶಾಲೆಯ ಪ್ರವಾಸದಲ್ಲಿ ಆ ಚಪ್ಪಾಳೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮರುದಿನ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ, ಪ್ರತಿಧ್ವನಿಗಳು ಒಂದರ ಹಿಂದೊಂದು ಚಿಕ್ಕದಾಗುತ್ತಾ ಹೋಗುವ ಅಲೆಗಳಾಗಿ ಪರದೆಯ ಮೇಲೆ ಕಾಣಿಸುತ್ತವೆ. ಮಕ್ಕಳೇ ಎಣಿಸಬಹುದು; ಎರಡು ಅಲೆಗಳ ನಡುವಿನ ಸಮಯವನ್ನು ಅಳೆದು, ಸೆಕೆಂಡಿಗೆ ಸುಮಾರು 340 ಮೀಟರ್ ಎಂಬ ಶಬ್ದದ ವೇಗದಿಂದ ದೂರವನ್ನೂ ಲೆಕ್ಕ ಹಾಕಬಹುದು. ಇನ್ನೊಂದು ಉದಾಹರಣೆ ಆಲಮಟ್ಟಿ ಅಣೆಕಟ್ಟು. ಅದರ ಗರಿಷ್ಠ ನೀರಿನ ಮಟ್ಟ 519.60 ಮೀಟರ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಪತ್ರಿಕೆಯಲ್ಲಿ ಬರುವ ನಿತ್ಯದ ಮಟ್ಟವನ್ನು ನಿಡಗುಂದಿಯ ಮಕ್ಕಳು ಸ್ಪ್ರೆಡ್‌ಶೀಟಿನಲ್ಲಿ ತುಂಬಿ ರೇಖಾಚಿತ್ರ ಮಾಡಿದರೆ, ತಮ್ಮೂರಲ್ಲಿ ಮಳೆ ಇಲ್ಲದ ವಾರದಲ್ಲೂ ಮಟ್ಟ ಏಕೆ ಏರಿತು ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ; ಉತ್ತರ ಹುಡುಕುತ್ತಾ ಪಶ್ಚಿಮ ಘಟ್ಟದ ಮಳೆಯವರೆಗೆ ಹೋಗುತ್ತಾರೆ. ಇಂಥ ಎಂಟು ಹತ್ತು ಪಾಠಗಳನ್ನು ಜಿಲ್ಲೆಯ ಶಿಕ್ಷಕರಿಂದಲೇ ಬರೆಸಿ, ಎರಡು ಪುಟಕ್ಕೆ ಮೀರದಂತೆ ಮುದ್ರಿಸಿ ಹಂಚಬೇಕು.

ಹಂತ 4: ವಿದ್ಯುತ್ತಿನ ಲೆಕ್ಕ

ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲಿ, ಆದ್ದರಿಂದ ಲೆಕ್ಕವನ್ನು ಬಿಡಿಸಿ ಬರೆಯುತ್ತೇನೆ. ತೆರೆಯೂ ಸೇರಿದಂತೆ ಒಂದು ಡೆಸ್ಕ್‌ಟಾಪ್ ಸುಮಾರು 100 ವ್ಯಾಟ್ ಎಳೆಯುತ್ತದೆಂದು ಹಿಡಿಯೋಣ. ಹತ್ತಕ್ಕೆ 1000, ಪ್ರೊಜೆಕ್ಟರಿಗೆ 250, ಒಟ್ಟು 1250 ವ್ಯಾಟ್. ಇನ್ವರ್ಟರಿನಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಬ್ಯಾಟರಿಯ ಮೇಲೆ ಬೀಳುವ ಭಾರ 1500 ವ್ಯಾಟ್ ದಾಟುತ್ತದೆ. 150 ಆಂಪಿಯರ್ ಅವರ್‌ನ 12 ವೋಲ್ಟಿನ ಎರಡು ಬ್ಯಾಟರಿಗಳಲ್ಲಿ ಕಾಗದದ ಮೇಲೆ 3600 ವ್ಯಾಟ್ ಅವರ್ ಇರುತ್ತದೆ. ಸೀಸದ ಬ್ಯಾಟರಿ ಬೇಗ ಹಾಳಾಗಬಾರದೆಂದರೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅಂದರೆ ಹೊಸ ಬ್ಯಾಟರಿಯಲ್ಲೂ ಸಿಗುವುದು ಹೆಚ್ಚೆಂದರೆ ಒಂದು ಗಂಟೆ, 40 ನಿಮಿಷದ ಒಂದೇ ಅವಧಿ. ಅದೇ ಬ್ಯಾಟರಿಗಳ ಮೇಲೆ 40 ವ್ಯಾಟಿನ ಹತ್ತು ಲ್ಯಾಪ್‌ಟಾಪ್ ಮತ್ತು 100 ವ್ಯಾಟಿನ ಒಂದು ಎಲ್‌ಇಡಿ ಟಿವಿ ಇಟ್ಟರೆ ಎರಡೂವರೆ ಗಂಟೆಗೂ ಮೀರಿ ನಡೆಯುತ್ತದೆ. ಬೆಲೆಯಲ್ಲಿ ಡೆಸ್ಕ್‌ಟಾಪ್ ಅಗ್ಗವೆನಿಸಿದರೂ ವಿದ್ಯುತ್ ಕೈಕೊಡುವ ಊರಿನಲ್ಲಿ ಅದು ಅಗ್ಗವಲ್ಲ.

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು 2023ರ ರಾಜ್ಯೋತ್ಸವದಂದು ಘೋಷಿಸಿದ ಮೇಲೆ ಬಿಲ್ಲಿನ ಚಿಂತೆ ಹಗುರವಾಗಿದೆ, ಆದರೆ ಬಿಲ್ಲಿಗೂ ವೋಲ್ಟೇಜಿಗೂ ಸಂಬಂಧವಿಲ್ಲ. ಅರ್ಥಿಂಗ್ ಇಲ್ಲದ ಕೋಣೆಗೆ ಯಂತ್ರ ಇಳಿಸಲೇಬಾರದು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುವುದರಿಂದ, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಮಾರ್ಚ್ ಹೊತ್ತಿಗೆ ದುರ್ಬಲವಾಗುತ್ತದೆ. ವಾರಕ್ಕೊಮ್ಮೆ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿಸುವ ಕೆಲಸವನ್ನು ಯಾರಾದರೊಬ್ಬರ ಹೆಸರಿಗೆ ಬರೆಯಬೇಕು.

ಇನ್ನೊಂದು ಅಪಾಯವಿರುವುದು ಬೇಸಿಗೆ ರಜೆಯಲ್ಲಿ. ಮಿರಗಕ್ಕೆ (ಮೃಗಶಿರಾ ಮಳೆಗೆ) ಮುಂಚೆ ಬರುವ ಗುಡುಗು ಸಿಡಿಲಿನ ಮಳೆ ಸುರಿಯುವಾಗ ಶಾಲೆಯಲ್ಲಿ ಯಾರೂ ಇರುವುದಿಲ್ಲ. ರಜೆ ಬಿಡುವ ದಿನ ಎಲ್ಲ ಪ್ಲಗ್‌ಗಳನ್ನೂ, ಜೊತೆಗೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಬೇಕು. ಸಿಡಿಲು ಕೇಬಲಿನ ಮೂಲಕವೂ ಒಳಗೆ ಬರುತ್ತದೆ. ಆದರೆ ಎರಡು ತಿಂಗಳು ಚಾರ್ಜ್ ಇಲ್ಲದೆ ಬಿಟ್ಟ ಬ್ಯಾಟರಿ ಸತ್ತೇ ಹೋಗುವುದರಿಂದ, ಹದಿನೈದು ದಿನಕ್ಕೊಮ್ಮೆ ಒಬ್ಬರು ಬಂದು ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ನೋಡಿ ಹೋಗುವಂತೆ ರಜೆಯ ಸರದಿ ಪಟ್ಟಿಯಲ್ಲೇ ಬರೆದಿಡಿ.

ಹಂತ 5: ಇಂಟರ್ನೆಟ್ ಇಲ್ಲದ ದಿನದ ಪಾಠ

10 ಎಂಬಿಪಿಎಸ್ ಸಂಪರ್ಕವಿರುವ ಶಾಲೆಯಲ್ಲಿ 40 ಮಕ್ಕಳು 100 ಎಂಬಿಯ ಒಂದೇ ವಿಡಿಯೊವನ್ನು ಒಮ್ಮೆಗೇ ಇಳಿಸಿಕೊಳ್ಳಲು ಹೊರಟರೆ, ಎಲ್ಲವೂ ಸರಿಯಿದ್ದರೂ 53 ನಿಮಿಷ ಬೇಕು. ಅಷ್ಟರಲ್ಲಿ ಅವಧಿಯ ಗಂಟೆ ಬಾರಿಸಿರುತ್ತದೆ. ಅದೇ ವಿಡಿಯೊವನ್ನು ಹಿಂದಿನ ದಿನ ಒಮ್ಮೆ ಇಳಿಸಿ ಶಾಲೆಯ ಒಂದು ಯಂತ್ರದಲ್ಲಿಟ್ಟು, ಒಳಗಿನ ವೈಫೈ ಮೂಲಕ ಹಂಚಿದರೆ ಇಂಟರ್ನೆಟ್ಟೇ ಬೇಕಿಲ್ಲ. ಕೊಲಿಬ್ರಿಯಂಥ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ಜಿಯೋಜಿಬ್ರಾ, ಫೆಟ್ ಎರಡನ್ನೂ ಇಂಟರ್ನೆಟ್ ಇಲ್ಲದೆ ನಡೆಸಬಹುದು. ಇಂಟರ್ನೆಟ್ ಚೆನ್ನಾಗಿರುವ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಪಾಠಗಳನ್ನು ಇಳಿಸಿ, ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಸಿಆರ್‌ಪಿಗಳು ತಿಂಗಳ ಸಮಾಲೋಚನಾ ಸಭೆಗೆ ತಂದು ಹಂಚುವ ಪದ್ಧತಿ ಹಳೆಯ ಕಾಲದ್ದೆನಿಸಬಹುದು, ಆದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಳೆಯಲ್ಲೂ ಅದು ನಡೆಯುತ್ತದೆ.

ಹಂತ 6: ಮೂರು ಮಾಧ್ಯಮ, ಮೂರು ಲಿಪಿ

ಈ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಯಂತ್ರ ಬಂದ ದಿನವೇ ಮೂರೂ ಲಿಪಿಗಳು ಸರಿಯಾಗಿ ಮೂಡುತ್ತವೆಯೇ, ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆಯೇ ಎಂದು ಒಂದೊಂದು ಸಾಲು ಬೆರಳಚ್ಚು ಮಾಡಿ ನೋಡಬೇಕು. ಕನ್ನಡದಲ್ಲೇ ಒಂದು ಹಳೆಯ ತೊಡಕಿದೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಮೊಬೈಲಿನಲ್ಲಂತೂ ಓದಲು ಬರುವುದೇ ಇಲ್ಲ. ಜಿಲ್ಲೆಯೊಳಗೆ ಓಡಾಡುವ ಎಲ್ಲ ಕಡತಗಳೂ ಯೂನಿಕೋಡ್‌ನಲ್ಲೇ ಇರಬೇಕೆಂದು ಉಪನಿರ್ದೇಶಕರ ಕಚೇರಿ ಒಂದು ಸುತ್ತೋಲೆ ಹೊರಡಿಸಿ, ಆ ಸುತ್ತೋಲೆಯನ್ನೂ ಯೂನಿಕೋಡ್‌ನಲ್ಲೇ ಬರೆಯಬೇಕು. ಕೀಲಿಮಣೆಯ ವಿಷಯದಲ್ಲಿ ಶಿಕ್ಷಕರಿಗೆ ರೂಢಿಯಾಗಿರುವುದು ನುಡಿ ವಿನ್ಯಾಸ. ಮಕ್ಕಳಿಗೆ ಭಾರತೀಯ ಲಿಪಿಗಳಿಗೆ ಒಂದೇ ಕ್ರಮವಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿಸಿದರೆ ಕನ್ನಡಕ್ಕೂ ಮರಾಠಿಯ ದೇವನಾಗರಿಗೂ ಬೆರಳುಗಳ ಅದೇ ರೂಢಿ ಸಾಗುತ್ತದೆ, ಎರಡೂ ಭಾಷೆಯಿರುವ ನಿಪ್ಪಾಣಿಯಂಥ ಊರಿನಲ್ಲಿ ಇದು ಸಣ್ಣ ಲಾಭವಲ್ಲ. ಯಾವುದನ್ನು ಆರಿಸಿದರೂ ಒಂದು ಶಾಲೆಯಲ್ಲಿ ಒಂದೇ ವಿನ್ಯಾಸವಿರಲಿ.

ಹಂತ 7: ಖರೀದಿ

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ 1999ರ ರಾಜ್ಯ ಕಾಯ್ದೆ ಮತ್ತು ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನ ನಿಯಮಗಳು ಎಲ್ಲ ಕಚೇರಿಗಳಿಗೂ ಗೊತ್ತಿರುವಂಥವು. ಅವುಗಳ ಜೊತೆಗೆ ಕರಾರಿನಲ್ಲಿ ಎರಡು ಮಾತು ಸೇರಲಿ: ವಾರಂಟಿಯ ಸೇವೆ ಶಾಲೆಯಿರುವ ಹಳ್ಳಿಗೇ ಬರಬೇಕು, ಮತ್ತು ದೂರು ಕೊಟ್ಟ ಮೇಲೆ ಎಷ್ಟು ದಿನದಲ್ಲಿ ಬರಬೇಕೆಂಬುದು ಅಂಕಿಯಲ್ಲಿ ಬರೆದಿರಬೇಕು. ಇಡೀ ಹಣವನ್ನು ಒಂದೇ ವರ್ಷ ಯಂತ್ರಗಳಿಗೆ ಸುರಿಯಬಾರದು. ನನ್ನನ್ನು ಕೇಳಿದರೆ ನೂರು ರೂಪಾಯಿಯಲ್ಲಿ ಐವತ್ತನ್ನು ಮಾತ್ರ ಯಂತ್ರಕ್ಕೆ ಇಟ್ಟು, ಉಳಿದ ಐವತ್ತನ್ನು ವಿದ್ಯುತ್, ತರಬೇತಿ, ದುರಸ್ತಿ ಮತ್ತು ಮೂರನೆಯ ವರ್ಷಕ್ಕೆ ಬದಲಾಯಿಸಬೇಕಾಗುವ ಬ್ಯಾಟರಿಗೆ ಎತ್ತಿಡುತ್ತೇನೆ.

ಹಂತ 8: ಶಿಕ್ಷಕರ ತಯಾರಿ

ಹತ್ತು ದಿನದ ತರಬೇತಿ ಮುಗಿಸಿ ಬಂದ ಶಿಕ್ಷಕರು ಮರುವಾರವೇ ಒಂದು ಪಾಠವನ್ನು ಮಾಡದಿದ್ದರೆ, ಕಲಿತದ್ದು ತಿಂಗಳೊಳಗೆ ಮರೆತುಹೋಗುತ್ತದೆ. ಆದ್ದರಿಂದ ದೊಡ್ಡ ತರಬೇತಿಯನ್ನು ಎರಡು ದಿನಕ್ಕೆ ಇಳಿಸಿ, ಉಳಿದುದನ್ನು ಕ್ಲಸ್ಟರಿನ ಸಮಾಲೋಚನಾ ಸಭೆಗಳಿಗೆ ಹಂಚಬೇಕು. ಪ್ರತಿ ಸಭೆಯಲ್ಲಿ ಒಬ್ಬ ಶಿಕ್ಷಕರು ತಾವು ಮಾಡಿದ ಪಾಠವನ್ನು ಇಪ್ಪತ್ತು ನಿಮಿಷ ಮಾಡಿ ತೋರಿಸಲಿ, ಎಲ್ಲಿ ಎಡವಿದೆ ಎಂಬುದನ್ನೂ ಹೇಳಲಿ. ಪಕ್ಕದ ಶಾಲೆಯ ಶಿಕ್ಷಕರು ಮಾಡಿದ್ದನ್ನು ಕಂಡಾಗ ಹುಟ್ಟುವ ಧೈರ್ಯ ಸಂಪನ್ಮೂಲ ವ್ಯಕ್ತಿಗಳ ಸ್ಲೈಡುಗಳಿಂದ ಹುಟ್ಟುವುದಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಶಿಕ್ಷಕಿಯೊಬ್ಬರು "ನನಗ್ಯಾಕ್ರೀ ಈಗ ಇದು?" ಎಂದು ತರಬೇತಿಯುದ್ದಕ್ಕೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು, ಅದೇ ಕ್ಲಸ್ಟರಿನ ಇನ್ನೊಬ್ಬ ಶಿಕ್ಷಕಿ ಕಥೆಯ ಧ್ವನಿಮುದ್ರಿಕೆಯಿಂದ ಎರಡನೆಯ ತರಗತಿಯ ಮಕ್ಕಳನ್ನು ಓದಿಸಿದ್ದನ್ನು ಕಂಡ ಮೇಲೆ ತಾವೇ ಮೊಬೈಲಿನಲ್ಲಿ ಹಳ್ಳಿಯ ಹಾಡುಗಳನ್ನು ಹಿಡಿದು ತಂದರು.

ಪ್ರತಿ ಶಾಲೆಯಿಂದ ಇಬ್ಬರಿಗೆ ತರಬೇತಿ ಕೊಡಬೇಕು. ಒಬ್ಬರು ವರ್ಗವಾದರೂ ಇನ್ನೊಬ್ಬರು ಉಳಿಯುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಶಿಕ್ಷಕಿಯಾಗಿರಲಿ, ಕೋಣೆಯ ಎರಡನೆಯ ಕೀಲಿ ಅವರ ಬಳಿ ಇರಲಿ. ಅತಿಥಿ ಶಿಕ್ಷಕರನ್ನು ತರಬೇತಿಯಿಂದ ಹೊರಗಿಡುವುದು ವಾಡಿಕೆ, ಆದರೆ ಎಷ್ಟೋ ಶಾಲೆಗಳಲ್ಲಿ ವಿಜ್ಞಾನ, ಗಣಿತದ ಪಾಠ ನಡೆಸುತ್ತಿರುವವರು ಅವರೇ.

ಹಂತ 9: ದುರಸ್ತಿಯ ವ್ಯವಸ್ಥೆ

ನೆರವಿನ ವ್ಯವಸ್ಥೆಯನ್ನು ಮೂರು ಮೆಟ್ಟಿಲಾಗಿ ಕಟ್ಟಬೇಕು. ಶಾಲೆಯಲ್ಲಿ ತರಬೇತಿ ಪಡೆದ ಶಿಕ್ಷಕರು ಮತ್ತು ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು ಮೊದಲ ಮೆಟ್ಟಿಲು. ಎರಡನೆಯದು ಕ್ಲಸ್ಟರ್: ಯಂತ್ರಗಳಲ್ಲಿ ಕೈಯಾಡಿಸಬಲ್ಲ ಒಬ್ಬ ಶಿಕ್ಷಕರನ್ನು ಗುರುತಿಸಿ, ತಿಂಗಳಿಗೆ ಎರಡು ದಿನ ಅವರನ್ನು ಈ ಕೆಲಸಕ್ಕೆ ಲಿಖಿತ ಆದೇಶದ ಮೂಲಕ ಬಿಡುವು ಮಾಡಿಸಬೇಕು. ಆದೇಶವಿಲ್ಲದೆ ಪುಕ್ಕಟೆಯಾಗಿ ಓಡಾಡುವ ಉತ್ಸಾಹಿ ಶಿಕ್ಷಕರು ಎರಡನೆಯ ವರ್ಷಕ್ಕೆ ದಣಿದು ಫೋನ್ ಎತ್ತುವುದನ್ನೇ ಬಿಡುತ್ತಾರೆ, ಅದು ಅವರ ತಪ್ಪಲ್ಲ. ಮೂರನೆಯದು ಬ್ಲಾಕ್ ಮಟ್ಟದ ತಂತ್ರಜ್ಞ ಅಥವಾ ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರ.

ಮೊದಲ ಮೆಟ್ಟಿಲಿನಲ್ಲೇ ಎಷ್ಟು ಮುಗಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಂಟರ್ನೆಟ್ ಇದ್ದರೂ ಯಾವ ಜಾಲತಾಣವೂ ತೆರೆಯುವುದಿಲ್ಲ, ಎಲ್ಲದಕ್ಕೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ ಎಂಬ ದೂರು ಪದೇ ಪದೇ ಬರುತ್ತದೆ. ಪರದೆಯ ಮೂಲೆಯ ದಿನಾಂಕ ನೋಡಿದರೆ ಎಷ್ಟೋ ವರ್ಷ ಹಿಂದಿನದಿರುತ್ತದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರುತ್ತದೆ, ಅಷ್ಟೇ. ಕೆಲವೇ ಹತ್ತು ರೂಪಾಯಿಯ ಆ ಬ್ಯಾಟರಿ ಹಾಕಿ ದಿನಾಂಕ ಸರಿಪಡಿಸಿದರೆ ಯಂತ್ರ ಮತ್ತೆ ನಡೆಯುತ್ತದೆ. ಪೀಂ ಪೀಂ ಎಂದು ಕೂಗಿ ನಿಲ್ಲುವ ಯಂತ್ರದ ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸುವುದೂ ಮಕ್ಕಳು ಕಲಿಯಬಹುದಾದ ಕೆಲಸ, ಪ್ಲಗ್ ಕಿತ್ತಿರಬೇಕು ಎಂಬ ಷರತ್ತಿನೊಂದಿಗೆ.

ಪ್ರತಿ ಕ್ಲಸ್ಟರ್ ಕೇಂದ್ರದಲ್ಲಿ ಒಂದು ಟ್ರಂಕು ಇರಲಿ: ಎರಡು ಮೌಸ್, ಎರಡು ಕೀಲಿಮಣೆ, ಪವರ್ ಕೇಬಲ್, ಎಚ್‌ಡಿಎಂಐ ಕೇಬಲ್, ಗಣಕಯಂತ್ರಕ್ಕೆ ವಿದ್ಯುತ್ ಒದಗಿಸುವ ಒಂದು ಎಸ್‌ಎಂಪಿಎಸ್ ಪೆಟ್ಟಿಗೆ, ನಾಣ್ಯದ ಬ್ಯಾಟರಿಗಳು, ಮಲ್ಟಿಮೀಟರ್, ತಂತ್ರಾಂಶವನ್ನು ಮತ್ತೆ ಹಾಕಲು ಬೇಕಾದ ಪೆನ್‌ಡ್ರೈವ್. ಪ್ರತಿ ಶಾಲೆಯಲ್ಲಿ ಒಂದು ದೂರು ವಹಿ: ಕೆಟ್ಟ ದಿನಾಂಕ, ಏನಾಯಿತು, ಯಾರಿಗೆ ತಿಳಿಸಿದರು, ಸರಿಯಾದ ದಿನಾಂಕ. ಪಾಸ್‌ವರ್ಡುಗಳನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಟ್ಟು, ವರ್ಗವಾದಾಗ ಪ್ರಭಾರ ಪಟ್ಟಿಯಲ್ಲಿ ಕುರ್ಚಿ ಮೇಜುಗಳ ಜೊತೆಗೆ ಈ ಲಕೋಟೆಯನ್ನೂ ಒಂದು ಸಾಲಾಗಿ ಸೇರಿಸಬೇಕು.

ಹಂತ 10: ಮಕ್ಕಳ ಮಾಹಿತಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ. ಮಕ್ಕಳ ಹೆಸರು, ಫೋಟೊ, ಪಾಲಕರ ಮೊಬೈಲ್ ಸಂಖ್ಯೆ ಕೇಳುವ ಯಾವುದೇ ಖಾಸಗಿ ಆ್ಯಪನ್ನು ಶಾಲೆಗಳು ತಾವಾಗಿಯೇ ಬಳಸತೊಡಗದಂತೆ, ಜಿಲ್ಲಾ ತಂಡ ಒಪ್ಪಿದ ಪಟ್ಟಿಯೊಂದನ್ನು ಮಾಡಬೇಕು. ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನ ಮಾಹಿತಿ, ಆಧಾರ್ ಸಂಖ್ಯೆಗಳಿರುವ ಹಾಳೆಯ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಿ ಎನ್ನುವ ಅಭ್ಯಾಸ ನಿಲ್ಲಬೇಕು, ಅದನ್ನು ಕೇಳುವ ಮೇಲಿನ ಕಚೇರಿಗಳೇ ಮೊದಲು ನಿಲ್ಲಿಸಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ವಂಚನೆಯ ದೂರಿನ 1930 ಸಂಖ್ಯೆಗಳನ್ನು ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಹಂತ 11: ವರ್ಷದ ಕೊನೆಯ ಲೆಕ್ಕ ಮತ್ತು ವಿಲೇವಾರಿ

ಪರಿಶೀಲನೆಗೆ ಎರಡು ಅಂಕಿಗಳು ಸಾಕು: ತಿಂಗಳಿಗೆ ಎಷ್ಟು ಅವಧಿ ಯಾವ ಪಾಠಕ್ಕೆ ಬಳಕೆಯಾಯಿತು ಎಂಬುದು, ಮತ್ತು ಕೆಟ್ಟ ಯಂತ್ರ ಸರಿಯಾಗಲು ಸರಾಸರಿ ಎಷ್ಟು ದಿನ ಹಿಡಿಯಿತು ಎಂಬುದು. ಎರಡೂ ಬಳಕೆ ವಹಿ ಮತ್ತು ದೂರು ವಹಿಯಿಂದಲೇ ಸಿಗುತ್ತವೆ, ಹೊಸ ನಮೂನೆ ಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಗದ್ದಲಕ್ಕೆ ಮುಂಚೆ, ಜನವರಿಯಲ್ಲೇ ಈ ಲೆಕ್ಕ ಮುಗಿಸಿದರೆ ಮುಂದಿನ ವರ್ಷದ ಸಮಗ್ರ ಶಿಕ್ಷಾ ಕ್ರಿಯಾಯೋಜನೆಗೆ ಬೇಡಿಕೆ ಸೇರಿಸಲು ಸಮಯ ಸಿಗುತ್ತದೆ. ಬಳಕೆ ಕಡಿಮೆಯಿರುವ ಶಾಲೆಗೆ ನೋಟಿಸ್ ಕೊಡುವ ಮೊದಲು ಅದರ ದೂರು ವಹಿಯನ್ನು ತೆರೆದು ನೋಡಿ. ಎಷ್ಟೋ ಸಲ ಕಾರಣ ಅಲ್ಲೇ ಬರೆದಿರುತ್ತದೆ.

ಸಮೀಕ್ಷೆಯಲ್ಲಿ ವಿಲೇವಾರಿಗೆಂದು ಗುರುತು ಹಾಕಿದ ಯಂತ್ರಗಳನ್ನು ವರ್ಷದೊಳಗೆ ಕೋಣೆಯಿಂದ ಹೊರಗೆ ಸಾಗಿಸಬೇಕು, ಇಲ್ಲವಾದರೆ ಹೊಸವಕ್ಕೆ ಜಾಗವಿರುವುದಿಲ್ಲ. ಅವುಗಳನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಡುವಂತಿಲ್ಲ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತು ಅದೇ ವರ್ಷದ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಒಂದೊಂದು ಶಾಲೆ ಒಂದೊಂದು ಸಲ ಕರೆದರೆ ಅಂಥ ಸಂಸ್ಥೆಯವರು ಬರುವುದಿಲ್ಲವಾದ್ದರಿಂದ, ಬ್ಲಾಕಿನ ಎಲ್ಲ ಶಾಲೆಗಳ ಹಳೆಯ ಸಾಮಾನನ್ನು ಬಿಆರ್‌ಸಿ ಆವರಣದಲ್ಲಿ ಒಂದೇ ದಿನ ಕೂಡಿಸಿ, ಹಾರ್ಡ್ ಡಿಸ್ಕುಗಳಲ್ಲಿ ಮಕ್ಕಳ ಮಾಹಿತಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ರಸೀದಿ ಪಡೆದು, ಪ್ರತಿ ಶಾಲೆಯ ದಾಸ್ತಾನು ವಹಿಯಲ್ಲಿ ಆ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸಹಿ ಮಾಡಬೇಕು.